ಬಾಣಂತಿ ಕೋಣೆಗೆ ಎಷ್ಟು ದೊಡ್ಡ ಬೆಂಕಿ?

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕುಲುಮೆ ವಿಭಾಗದ ಇಂಜಿನಿಯರ್ ಆಗಿದ್ದವನು ನಿವೃತ್ತನಾಗಿದ್ದೆ. ಮಹಾಂತೇಶ ನಗರದ ಮನೆಯಲ್ಲಿ ಪೇಪರ್ ಓದುತ್ತ ಕೂರುವ ಜಾತಿ ನನ್ನದಲ್ಲ. "ನಿಮ್ಮ ಕಾಲಾಗ ಚಕ್ರ ಅದ, ಒಂದ ಕಡೆ ಕುಂದರ್ರಿ" ಎಂದು ಹೆಂಡತಿ ಬೈಯುತ್ತಿದ್ದಳು. ಆ ಬೈಗುಳ ತಪ್ಪಿಸಿಕೊಳ್ಳಲೆಂದೇ ಫೈರ್‌ಪ್ಲೇಸ್ ಇನ್ಸರ್ಟ್ ಕೂರಿಸುವ ಕೆಲಸ ಹಚ್ಚಿಕೊಂಡೆ.

ಹಳೆಯ ಬಂಗಲೆಗಳ ಗೋಡೆಯಲ್ಲಿ ಚಳಿ ಕಾಯಿಸಿಕೊಳ್ಳುವ ಬೆಂಕಿಗೂಡು ಇರುತ್ತದಲ್ಲ, ಅದರೊಳಗೆ ಕೂರಿಸುವ ಕಬ್ಬಿಣದ ಪೆಟ್ಟಿಗೆಯೇ ಇನ್ಸರ್ಟ್. ಮುಂದೆ ಗಾಜಿನ ಬಾಗಿಲು, ಮೇಲೆ ಚಿಮಣಿಗೆ ಹೋಗುವ ಸ್ಟೀಲ್ ಕೊಳವೆ. ಒಳಗೆ ಕಟ್ಟಿಗೆ ಉರಿಯುವ ಜಾಗಕ್ಕೆ ಫೈರ್‌ಬಾಕ್ಸ್ ಎನ್ನುತ್ತಾರೆ. ಬಾಗಿಲು ಮುಚ್ಚಿ ಉರಿಸಿದರೆ ಹೊಗೆ ಚಿಮಣಿಗೆ, ಕಾವು ಕೋಣೆಗೆ. ಖಾನಾಪುರದ ಕಡೆ ಮಳೆಗಾಲದ ಥಂಡಿ ಎಲುಬಿಗೆ ಇಳಿಯುತ್ತದೆ. ಅದಕ್ಕೇ ನನ್ನ ಗಿರಾಕಿಗಳೆಲ್ಲ ಹೆಚ್ಚಾಗಿ ಆ ಕಡೆಯವರು.

ಆಷಾಢದ ಒಂದು ಮುಂಜಾನೆ ಖಾನಾಪುರದ ಅಕ್ಕಿ ಗಿರಣಿಯ ಮಾಲೀಕ ವಿಠ್ಠಲರಾವ್ ಮನೆಗೆ ಬಂದರು. ಮಗಳು ಅಶ್ವಿನಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಯಾಗಿತ್ತು. ಗಂಡು ಕೂಸು, ತೂಕ ಸ್ವಲ್ಪ ಕಡಿಮೆ. ಬಾಣಂತನಕ್ಕೆ ತವರಿಗೆ ಕರೆತರುವ ಮುಂಚೆ ಕೋಣೆಯಲ್ಲಿ ಇನ್ಸರ್ಟ್ ಕೂರಬೇಕು.

"ಇಪ್ಪತ್ತು ಇಂಚಿನ ಕಟ್ಟಿಗಿ ಹಿಡಿಯೂವಂಥಾ ದೊಡ್ಡದು ಕೊಡ್ರಿ ಸಾಹೇಬ್ರ" ಎಂದರು.

"ಕೋಣಿ ಎಷ್ಟದರೀ?"

"ಹತ್ತು ಬೈ ಹನ್ನೆರಡು."

ನನಗೆ ನಗು ಬಂತು. ಅಷ್ಟು ಸಣ್ಣ ಕೋಣೆಗೆ ಅಷ್ಟು ದೊಡ್ಡ ಫೈರ್‌ಬಾಕ್ಸ್ ಎರಡು ರೀತಿಯಲ್ಲೂ ತಪ್ಪು. ತುಂಬ ಕಟ್ಟಿಗೆ ಹಾಕಿದಿರೋ, ಕೋಣೆ ಭಟ್ಟಿಯಾಗುತ್ತದೆ. ಸ್ವಲ್ಪವೇ ಹಾಕಿದರೆ ಪೆಟ್ಟಿಗೆಯೇ ಕಾಯುವುದಿಲ್ಲ. ಕಟ್ಟಿಗೆ ಉರಿಯುವ ಬದಲು ಕಮರಿ, ಚಿಮಣಿಯೊಳಗೆ ಡಾಂಬರಿನಂಥ ಮಸಿ ಹಿಡಿಯುತ್ತದೆ. ಹನ್ನೆರಡು ಇಂಚಿನ ಪೆಟ್ಟಿಗೆ ಸಾಕು, ಅದರಲ್ಲಿ ಹತ್ತು ಇಂಚಿನ ಮೂರು ಸೀಳು ಕಟ್ಟಿಗೆ ಹಾಕಿ ಚೊಕ್ಕ ಉರಿಸಿ ಎಂದು ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಖರೇ ಇರಬಹುದರೀ. ಆದ್ರ ನಮ್ಮ ಆಯಿ ದೊಡ್ಡದs ಬೇಕಂತಾಳ. ಆಕಿ ಮಾತು ದಾಟಾಕ ಆಗೂದಿಲ್ಲ."

ಆಯಿ ಎಂದರೆ ಅವರ ತಾಯಿ. ಸರಿ, ಜಾಗ ನೋಡಿ ಹೇಳುತ್ತೇನೆಂದು ಕಳಿಸಿದೆ. ಆದರೆ ಮನಸ್ಸು ಕೇಳಬೇಕಲ್ಲ. ರಿಸಾರ್ಟಿನವರು ದೊಡ್ಡದು ಕೇಳುತ್ತಾರೆ, ಅದು ದೌಲತ್ತಿಗೆ. ಬಾಣಂತಿ ಕೋಣೆಗೆ ಬೆಂಕಿಯ ಚಂದ ನೋಡಲು ಯಾರು ಬರುತ್ತಾರೆ? ಮರುದಿನ ಸುರಿಯುವ ಮಳೆಯಲ್ಲಿ ಕಾರು ಓಡಿಸುತ್ತ ಖಾನಾಪುರ ಮುಟ್ಟುವವರೆಗೂ ಅದೇ ಪ್ರಶ್ನೆ ಇರುವೆಯ ಹಾಗೆ ಕಡಿಯುತ್ತಿತ್ತು.

ಮನೆ ಬ್ರಿಟಿಷರ ಕಾಲದ ಬಂಗಲೆ. ಬಾಣಂತಿ ಕೋಣೆಯಲ್ಲಿ ಕಾಲಿಟ್ಟ ಕೂಡಲೇ ಉಸಿರು ಕಟ್ಟಿತು. ಕಿಟಕಿ ಸಂದಿಗಳಿಗೆಲ್ಲ ಹಳೆ ಸೀರೆ ತುರುಕಿದ್ದರು. ಗಾಳಿಕಂಡಿಗೆ ಪ್ಲಾಸ್ಟಿಕ್ ಬಡಿದಿದ್ದರು. ನಡುವೆ ಎತ್ತರದ ಹಗ್ಗದ ಮಂಚ. ಮಂಚದ ಕೆಳಗೆ, ತೊಳೆದು ಒರೆಸಿ ಇಟ್ಟ ಒಂದು ಕಬ್ಬಿಣದ ಶೇಗಡಿ, ಅಂದರೆ ಕೆಂಡ ತುಂಬುವ ಅಗ್ಗಿಷ್ಟಿಕೆ.

ಆಯಿ ಕೋಲೂರಿಕೊಂಡು ಬಂದರು. ಸಣ್ಣ ದೇಹ, ದೊಡ್ಡ ದನಿ. ನಾನು ಟೇಪು ಬಿಚ್ಚುವ ಮೊದಲೇ ಕೇಳಿದರು:

"ನಿನ್ನ ಪೆಟಗಿಯೊಳಗ ಕೆಂಡ ಎಷ್ಟು ಬೀಳ್ತಾವ? ಸಲಿಕಿ ಒಳಗ ಹೋಗತೈತೇನು?"

ಆಗ ತಿಳಿಯಿತು. ಆಯಿಗೆ ಬೇಕಾದದ್ದು ಕಾವಲ್ಲ, ಕೆಂಡ! ದೊಡ್ಡ ಫೈರ್‌ಬಾಕ್ಸಿನಲ್ಲಿ ಕಟ್ಟಿಗೆ ತುಂಬಿ, ಕೆಂಡ ಮಾಡಿ, ಬಾಗಿಲು ತೆರೆದು ಸಲಿಕೆಯಿಂದ ಶೇಗಡಿಗೆ ತೋಡಿ, ಮಂಚದ ಕೆಳಗೆ ಇಡುವುದು. ಮೇಲೆ ಬಾಣಂತಿ, ಬಾಜೂಕೆ ಎಳೆಗೂಸು. ಎಲ್ಲ ಸಂದಿಯೂ ಮುಚ್ಚಿದ ಕೋಣೆ.

ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಫೌಂಡ್ರಿಯಲ್ಲಿ ಕುಲುಮೆಯ ಮೇಲಿನ ಅಟ್ಟದಲ್ಲಿ ಇದೇ ಗಾಳಿ ಕುಡಿದು ಕುಸಿದು ಬಿದ್ದ ಒಬ್ಬ ಗೆಳೆಯನನ್ನು ನಾನೇ ಹೆಗಲ ಮೇಲೆ ಹೊತ್ತು ಇಳಿಸಿದ್ದೆ. ಜೀವ ಉಳಿಯಿತು, ಆದರೆ ಅವನು ಮತ್ತೆ ಮೊದಲಿನ ಮನುಷ್ಯನಾಗಲಿಲ್ಲ. ಗಟ್ಟಿ ಆಳಿನ ಗತಿ ಹಾಗಾದರೆ ತೂಕ ಕಡಿಮೆಯಿರುವ ಕೂಸಿನ ಗತಿ?

"ಆಯಿ, ಇದು ಕೂಸಿನ ಜೀವ ತಗೀತದರೀ!" ಎಂದು ಕೂಗಿಯೇಬಿಟ್ಟೆ.

ಆಯಿ ಕೆಂಪಾದರು. "ಬಾಯಾಗ ಒಳ್ಳೆ ಮಾತು ಬರೂದಿಲ್ಲೇನು ನಿನಗ? ಐದು ಹಡದೀನಿ, ಇದs ಶೇಗಡಿ ಮ್ಯಾಲೆ ಮಲಗೀನಿ. ಹೊಗಿ ಆಗಬಾರದಂತ ನಿಗಿನಿಗಿ ಕೆಂಡಾನs ಹಾಕ್ತೇವಿ. ನಮಗ ತಿಳಿಯೂದಿಲ್ಲೇನು?"

"ಹೊಗಿ ಇದ್ರ ಛಲೋ ಇತ್ತರೀ, ಕೆಮ್ಮಿಕೋತ ಎದ್ದು ಹೊರಗ ಓಡ್ತಿದ್ರಿ. ಇದು ನಿದ್ದಿಯೊಳಗs ಹಿಡೀತದ. ನಿಮ್ಮ ಕಾಲದಾಗ ಹಂಚಿನ ಮನಿ, ನೂರು ಸಂದಿ. ಇಲ್ಲಿ ಗಾಳಿಗೆ ದಾರಿ ಎಲ್ಲೈತಿ?"

ಮಾತಿಗೆ ಮಾತು ಬೆಳೆಯಿತು. ವಿಠ್ಠಲರಾವ್ ನಡುವೆ ನಿಂತು ಇಬ್ಬರಿಗೂ ಕೈಮುಗಿಯುತ್ತಿದ್ದರು. ನಾನು ಪೆಟ್ಟಿಗೆ ಕೂರಿಸುವುದೇ ಇಲ್ಲವೆಂದು ಹೇಳಿ, ಟೇಪು ಕಿಸೆಗೆ ಹಾಕಿ, ಮಳೆಯಲ್ಲಿ ನೆನೆಯುತ್ತ ಕಾರು ಹತ್ತಿದೆ.

ಗೇಟು ದಾಟಲಿಲ್ಲ. ಬ್ರೇಕ್ ಮೇಲೆ ಕಾಲಿಟ್ಟು ಕುಳಿತೆ. ನಾನು ಬಿಟ್ಟು ಹೋದರೆ ಏನಾಗುತ್ತದೆ? ಅಡುಗೆಮನೆ ಒಲೆಯಲ್ಲಿ ಕೆಂಡಕ್ಕೇನು ಬರವೇ? ಸೋಮವಾರ ಬಾಣಂತಿ ಬರುತ್ತಾಳೆ, ಅಂದೇ ಮಂಚದ ಕೆಳಗೆ ಶೇಗಡಿ ಸೇರುತ್ತದೆ. ಒಲ್ಲೆ ಎಂದು ಹೇಳಿ ಕೈ ತೊಳೆದುಕೊಂಡರೆ ನನ್ನ ಕೈ ಸ್ವಚ್ಛವಾದೀತು, ಕೂಸು ಉಳಿಯುವುದಿಲ್ಲ. ಛೇ, ಇದೆಂಥ ಶಾಣೇತನ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಕಾರು ತಿರುಗಿಸಿದೆ.

ಆಯಿ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಕೆಳಗೆ ಕುಳಿತು ಮೆಲ್ಲಗೆ ಕೇಳಿದೆ: "ಆಯಿ, ಶೇಗಡಿ ಯಾಕ ಇಡ್ತಾರ? ನನಗ ಖರೇನs ಗೊತ್ತಿಲ್ಲ. ಹೇಳ್ರಿ."

ಮುಖ ತಿರುಗಿಸಿಕೊಂಡೇ ಇನ್ನೆರಡು ಅಡಿಕೆ ಕತ್ತರಿಸಿದರು. ಆಮೇಲೆ ಹೇಳಿದರು. ಬಾಣಂತಿಯ ಸೊಂಟಕ್ಕೆ ಕಾವು ತಾಕಬೇಕು. ಕೂಸಿಗೆ ಥಂಡಿ ಆಗಬಾರದು. ಈ ಮಳೆಯಲ್ಲಿ ಕೂಸಿಗೆ ಹೊದಿಸುವ ದುಪಟಿ, ತಲೆಗೆ ಕಟ್ಟುವ ಕುಂಚಿಗೆ ಒಣಗಬೇಕು. "ಮತ್ತ, ನಾ ಬಾಜೂಕ ಕುಂತು ಬೆಂಕಿ ನೋಡಿಕೋಬೇಕು. ಅದು ನನ್ನ ಕೆಲಸ" ಎಂದರು. ಕೊನೆಯ ಮಾತು ಹೇಳುವಾಗ ದನಿ ಸಣ್ಣದಾಯಿತು.

ಅಯ್ಯೋ, ಇಷ್ಟಕ್ಕೆಲ್ಲ ಕೆಂಡ ಪೆಟ್ಟಿಗೆಯಿಂದ ಹೊರಗೆ ಬರಬೇಕಾಗಿಯೇ ಇಲ್ಲವಲ್ಲ! ಎಲ್ಲವನ್ನೂ ಮುಚ್ಚಿದ ಬಾಗಿಲಿನ ಬೆಂಕಿಯೇ ಮಾಡುತ್ತದೆ. "ನೋಡಿಕೊಳ್ಳೂದು ನಿಮ್ಮ ಕೈಯಾಗs ಇರಲಿ. ಆದ್ರ ಸಣ್ಣ ಪೆಟಗಿ, ಬಾಗಲಾ ಮುಚ್ಚಿ" ಎಂದೆ.

"ಮೊದ್ಲ ತೋರ್ಸು" ಎಂದರು ಆಯಿ.

ಭಾನುವಾರ ಹನ್ನೆರಡು ಇಂಚಿನ ಇನ್ಸರ್ಟ್ ಕೂರಿಸಿದೆ. ಗಾಳಿಕಂಡಿಯ ಪ್ಲಾಸ್ಟಿಕ್ ಕಿತ್ತೆಸೆದೆ. ಬೆಂಕಿಗೂ ಉಸಿರು ಬೇಕು. ಗೋಡೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಡಿದೆ. ಮಂಚವನ್ನು ಗಾಜಿನ ಬಾಗಿಲಿನಿಂದ ಐದಡಿ ದೂರ ಸರಿಸಿದೆ. ಆಮೇಲೆ ಲೋಡಿಂಗ್, ಅಂದರೆ ಕಟ್ಟಿಗೆ ತುಂಬುವ ಪಾಠ. ಆಯಿಗೆ ಜೀವಮಾನವಿಡೀ ಉದ್ದ ಕಟ್ಟಿಗೆ ಒಲೆಗಿಟ್ಟು, ಉರಿದಂತೆ ಒಳಗೆ ದೂಡಿ ರೂಢಿ. ಇಲ್ಲಿ ಹಾಗೆ ನಡೆಯದು. ಬಾಗಿಲು ಮುಚ್ಚಬೇಕೆಂದರೆ ಕಟ್ಟಿಗೆ ಪೆಟ್ಟಿಗೆಗಿಂತ ಎರಡು ಇಂಚು ಮೋಟಾಗಿರಬೇಕು. ಒಣಗಿದ ಮೂರು ಸೀಳು, ನಡುವೆ ಗಾಳಿಯಾಡುವಂತೆ ಇಟ್ಟು ಹಚ್ಚಿಸಿದೆ. ಉರಿ ನಿಚ್ಚಳವಾಗಿ ಎದ್ದಿತು. ಆಯಿ ಒಂದು ಹಳೆ ಪಂಚೆ ಮಡಿಸಿ ಗಾಜಿನ ಮುಂದೆ ಹಿಡಿದು, ಬೆಚ್ಚಗಾದ ಮೇಲೆ ತಮ್ಮದೇ ಸೊಂಟಕ್ಕೆ ಒತ್ತಿಕೊಂಡರು.

"ಹಾಂ... ಆಗತೈತಿ" ಎಂದರು.

"ಹಂಗಾದ್ರ ಶೇಗಡಿ ನನ್ನ ಕೈಯಾಗ ಕೊಡ್ರಿ."

"ಅದು ನಮ್ಮ ಅತ್ತೀದು. ಕೊಡೂದಿಲ್ಲ, ಹೋಗು."

ಶೇಗಡಿ ಅಲ್ಲೇ ಬಿಟ್ಟು ಊರಿಗೆ ಮರಳಿದೆ. ಬಾಣಂತಿ ಬಂದಳು, ಮಳೆ ಜೋರಾಯಿತು, ನನ್ನ ಊಟ ನಿದ್ದೆ ಕೆಟ್ಟಿತು. ಫೋನ್ ಮಾಡಿದರೆ ವಿಠ್ಠಲರಾವ್ "ಎಲ್ಲಾ ಆರಾಮ್ರಿ" ಎನ್ನುತ್ತಿದ್ದರು. ಗಿರಣಿಯಲ್ಲಿ ಕುಳಿತವರಿಗೆ ಮಂಚದ ಕೆಳಗೇನಿದೆ ಎಂದು ಹೇಗೆ ಗೊತ್ತು? "ಹೋಗಿ ನೋಡಿ ಬರ್ರಿ, ನನ್ನ ತಲಿ ತಿನಬ್ಯಾಡ್ರಿ" ಎಂದಳು ಹೆಂಡತಿ. ಚಿಮಣಿ ತಪಾಸಣೆಯ ನೆಪ ಹೇಳಿ ಹೊರಟೆ.

ಕೋಣೆಯೊಳಗೆ ಹೋದವನು ಮೊದಲು ಬಗ್ಗಿ ಮಂಚದ ಕೆಳಗೆ ನೋಡಿದೆ. ಖಾಲಿ. ಮಂಚದ ಮೇಲಿದ್ದ ಅಶ್ವಿನಿ ಕಿಸಕ್ಕನೆ ನಕ್ಕಳು. ಇನ್ಸರ್ಟಿನ ಪಕ್ಕ ಮಣೆ ಹಾಕಿಕೊಂಡು ಆಯಿ ಕುಳಿತಿದ್ದರು. ಅವರ ಮುಂದೆ ಶೇಗಡಿ! ಹತ್ತಿರ ಹೋಗಿ ನೋಡಿದೆ. ಒಳಗೆ ಕೆಂಡವಿರಲಿಲ್ಲ, ಮೋಟಾಗಿ ಕಡಿದ ಮೂರು ಸೀಳು ಕಟ್ಟಿಗೆ ಇತ್ತು.

"ಇದರಾಗ ಹಿಡದಷ್ಟs ಒಂದ ಸಲಕ್ಕ" ಎಂದರು ಆಯಿ. "ಕೆಲಸದಾಕಿ ದಂಡಿಗಟ್ಟಲೆ ಕಟ್ಟಿಗಿ ತಂದು ತುರಕತಿದ್ಲು. ಅದಕ್ಕ ಶೇಗಡೀನs ಅಳತಿ ಮಾಪು ಮಾಡೀನಿ. ಕುಂದರು ತಮ್ಮಾ, ಯಾಕ ಹಂಗ ಬೆವತೀ?"

ಕುಳಿತೆ. ಆಯಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. ಬೆಚ್ಚಗಿತ್ತು. ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು, ಪುಣ್ಯಾತ್ಮ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಲ್ಲದ ಕೋಣೆಯಲ್ಲಿ ಅದಕ್ಕೆ ನೆಪ ಹೇಳಲೂ ಬರಲಿಲ್ಲ.

ಈಗಲೂ ಗಿರಾಕಿ ಬಂದರೆ ಕೋಣೆಯ ಅಳತೆ, ಕಟ್ಟಿಗೆಯ ಉದ್ದ ಎಲ್ಲ ಕೇಳುತ್ತೇನೆ. ಅದಕ್ಕೂ ಮೊದಲು ಬೆಂಕಿಯ ಬಾಜೂಕೆ ಕೂರುವವರು ಯಾರು ಎಂದು ಕೇಳಿ, ಅವರನ್ನು ಕರೆಸಿ, ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಒಳಗ ಏನ್ ಹಾಕ್ತೀರಿ ಅನ್ನೂದು ಆಮ್ಯಾಲೆ. ಹೊರಗ ಏನ್ ತಗೀತೀರಿ, ಅದನ್ನ ಮೊದ್ಲ ಹೇಳ್ರಿ."