ಬೆಳಗಿನ ಸರದಿ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ತರಕಾರಿಯವರ ಸಾಲು ದಾಟಿದರೆ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಒಂದು ಗೂಡಂಗಡಿ ಸಿಗುತ್ತದೆ. ಮೊನ್ನೆ ಅದರ ಮುಂದೆ ಹೋಗುವಾಗ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ವರ್ಷಗಟ್ಟಲೆ ಮುಚ್ಚಿಟ್ಟ ಡಬ್ಬಾ ಮಾನಿಟರನ್ನು ಮತ್ತೆ ಹಚ್ಚಿದಾಗ ಬರುತ್ತದಲ್ಲ, ಅದೇ ವಾಸನೆ. ಮೆಂತೆ ಸೊಪ್ಪಿನ ಕಟ್ಟು ಹಿಡಿದುಕೊಂಡು ನಾನು ನಡುದಾರಿಯಲ್ಲೇ ನಿಂತುಬಿಟ್ಟೆ. ಅಂಗಡಿಯವನು ತಲೆ ಎತ್ತಿ “ಕಾಯ್ ಝಾಲಂ, ತಾಈ?” ಎಂದ. ಏನೂ ಆಗಿಲ್ಲಪ್ಪ ಎಂದೆ. ನಲವತ್ತೈದು ದಾಟಿದ ಹೆಂಗಸೊಬ್ಬಳು ಧೂಳಿನ ವಾಸನೆಗೆ ಹೆದರಿ ಬೆವರಿದಳೆಂದು ಅವನಿಗೆ ಹೇಗೆ ಹೇಳುವುದು? ನಿಮಗೆ ಹೇಳುತ್ತೇನೆ, ನಗುವುದಾದರೆ ಕೊನೆಯಲ್ಲಿ ನಗಿ.

ಬಿ.ಕಾಂ. ಮುಗಿಸಿ ಊರು ಬಿಟ್ಟ ಮೇಲೆ ಮದುವೆಯಾಗುವ ತನಕ ನಾನು ಥಾಣೆಯಲ್ಲಿ, ಕೋಪರಿಯ ಒಂದು ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ, ಸೋದರಮಾವಂದಿರ ಮನೆಯಲ್ಲಿದ್ದೆ. ಮನೆಯಲ್ಲಿ ನಾಲ್ಕೇ ಜನ. ಹೆಂಡತಿಯನ್ನು ಕಳೆದುಕೊಂಡ ದೊಡ್ಡ ಮಾವ, ಸಣ್ಣ ಮಾವ, ಸಣ್ಣ ಮಾವನ ಹೆಂಡತಿ ಅತ್ತೆ, ಮತ್ತೆ ನಾನು. ರೈಲ್ವೆ ಬ್ರಿಡ್ಜ್ ದಾಟಿ ಆಚೆ ಹೋದರೆ ನೌಪಾಡಾದಲ್ಲಿ ನಮ್ಮ ಹೋಟೆಲು. ಬೆಳಿಗ್ಗೆ ಆರಕ್ಕೆ ಗಲ್ಲಾದ ಮೇಲೆ ಕೂತ ದೊಡ್ಡ ಮಾವ ಮಧ್ಯಾಹ್ನ ಮೂರರವರೆಗೆ ಏಳುತ್ತಿರಲಿಲ್ಲ. ಸಣ್ಣ ಮಾವನದು ಅಡುಗೆಮನೆ. ಚಟ್ನಿಯ ಖಾರದಿಂದ ಹಿಡಿದು ಅಡುಗೆಭಟ್ಟರ ಜಗಳದವರೆಗೆ ಎಲ್ಲವೂ ಅವರ ತಲೆ ಮೇಲೆ. ಮೂವತ್ತು ವರ್ಷ ಅಣ್ಣ ಹೇಳಿದ್ದು, ತಮ್ಮ ಮಾಡಿದ್ದು. ದೊಡ್ಡ ಮಾವ ಒಳ್ಳೆಯವರೇ, ಆದರೆ ಮಾತಿಗೆ ಬರ. ಎರಡು ಇಡ್ಲಿ ಕೇಳಿದವನಿಗೆ ಎರಡು ಮಾತು ಹೆಚ್ಚು ಆಡಿದರೆ ತಮಗೆ ನಷ್ಟವೆನ್ನುವ ಜಾತಿ.

ಮೆನು ಟೈಪ್ ಮಾಡಲಿಕ್ಕೆಂದು ಸಣ್ಣ ಮಾವ ಒಂದು ಕಂಪ್ಯೂಟರ್ ತಂದರು. ಮೆನು ಒಂದೇ ಸಲ ಟೈಪ್ ಆಯಿತು. ಆಮೇಲೆ ಅದರೊಳಗೆ ಉಳಿದದ್ದು ಒಂದು ಆಟ. ಒಬ್ಬ ರಾಜ ನಿಮ್ಮನ್ನು ಹಡಗು ಹತ್ತಿಸಿ ಕಡಲಾಚೆಗೆ ಕಳಿಸುತ್ತಾನೆ. ಭೂಪಟವೆಲ್ಲ ಕಪ್ಪು, ನೀವು ಕಾಲಿಟ್ಟ ಚೌಕ ಮಾತ್ರ ಬೆಳಗುತ್ತದೆ. ಅಲ್ಲಿ ವಸಾಹತು ಕಟ್ಟಬೇಕು, ಕಬ್ಬು ಹತ್ತಿ ಬೆಳೆಯಬೇಕು, ಬೆಳೆದದ್ದನ್ನು ರಾಜನ ಹಡಗಿಗೆ ತುಂಬಬೇಕು. ಊರವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ “ರಾಜ ಸಾಕು” ಎಂದ ದಿನ ಮೂಲೆಯಲ್ಲೊಂದು ಕೆಂಪು ಗುಂಡಿ ಹೊತ್ತಿಕೊಳ್ಳುತ್ತದೆ. ಅದನ್ನು ಒತ್ತಿದರೆ ಸ್ವಾತಂತ್ರ್ಯ ಸಾರಿದ ಹಾಗೆ. ಕೂಡಲೇ ರಾಜನ ಸೈನ್ಯ ಹೊರಡುತ್ತದೆ. ಗೆದ್ದರೆ ಊರು ನಿಮ್ಮದು, ಸೋತರೆ ಎಲ್ಲ ಮತ್ತೆ ಕಪ್ಪು.

ಮೊದಲಿನಿಂದ ಅಲ್ಲೇ ಇದ್ದವರ ಹಳ್ಳಿಗಳೂ ಆ ಭೂಪಟದಲ್ಲಿದ್ದವು. ಹತ್ತಿರದಲ್ಲಿ ನಾವು ಊರು ಕಟ್ಟಿದರೆ ಒಂದು ದಿನ ಹಳ್ಳಿ ಇದ್ದ ಚೌಕದಲ್ಲಿ ಬರೀ ಹುಲ್ಲು. ಆ ಜನ ಎಲ್ಲಿಗೆ ಹೋದರೆಂದು ಆಟ ಹೇಳುವುದಿಲ್ಲ. ಸಣ್ಣ ಮಾವ ಆ ಹುಲ್ಲಿನ ಮೇಲೆ ಬಂಡಿ ಹೊಡೆಯದೆ ಸುತ್ತು ಬಳಸಿ ಹೋಗುತ್ತಿದ್ದರು. “ಅಲ್ಲಿ ಯಾರೋ ಇದ್ದ ಜಾಗ ಮಾರಾಯ್ತಿ, ತುಳಿಯುವುದು ಬೇಡ” ಎನ್ನುತ್ತಿದ್ದರು. ನಾನು ಅದರ ಮೇಲೆಯೇ ಓಡಿಸುತ್ತಿದ್ದೆ. ಆಗ ನನಗೆ ಇಪ್ಪತ್ತಮೂರು ವರ್ಷ, ಯಾವುದಕ್ಕೂ ಸುತ್ತಿ ಹೋಗುವ ವಯಸ್ಸಲ್ಲ.

ಆಟಕ್ಕೆ ಗಡಿಬಿಡಿಯೇ ಇರಲಿಲ್ಲ. ನಿಮ್ಮ ಸರದಿ ಮುಗಿಯುವವರೆಗೆ ಕಡಲೂ ಕಾಯುತ್ತದೆ. ಹಾಗಾಗಿ ನಾವಿಬ್ಬರೂ ಒಂದೇ ವಸಾಹತನ್ನು ದಿನಕ್ಕೆ ಎರಡೇ ಸರದಿಯಂತೆ ಆಡುತ್ತಿದ್ದೆವು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲಿನದು ನನ್ನದು, ಮಧ್ಯಾಹ್ನ ಊಟದ ಮೇಲಿನದು ಮಾವನದು. ಉಡುಪಿಯವರಿಗೆ ಸರದಿ ಎಂದರೆ ನೆನಪಾಗುವುದು ಪರ್ಯಾಯವೇ ತಾನೆ? ಅವಧಿ ಮುಗಿದ ಸ್ವಾಮಿಗಳು ಸಟ್ಟುಗವನ್ನು ಮುಂದಿನವರ ಕೈಗಿತ್ತು ಸರಿದು ನಿಲ್ಲುತ್ತಾರೆ, ಇನ್ನೊಬ್ಬರ ಪರ್ಯಾಯದಲ್ಲಿ ಕೈಯಾಡಿಸುವುದಿಲ್ಲ. ನಮಗೆ ಮೌಸೇ ಸಟ್ಟುಗ. “ಪರ್ಯಾಯ ಆಯ್ತಾ?” ಎಂದು ಅತ್ತೆ ಚಾ ತರುತ್ತಾ ತಮಾಷೆ ಮಾಡುತ್ತಿದ್ದರು.

ಆ ವರ್ಷ ಕೆಂಪು ಗುಂಡಿ ಹೊತ್ತಿಕೊಂಡಿತು. ಒತ್ತುವ ಹಕ್ಕು ಹಿರಿಯರದೆಂದು ನಾನು ಬಿಟ್ಟೆ. ಮಾವ ಒತ್ತಲಿಲ್ಲ. “ನಾಳೆ ನೋಡುವ” ಎಂದರು. ವಾರ ಹೋಯಿತು, ತಿಂಗಳು ಹೋಯಿತು. ಅದೇ ಹೊತ್ತಿಗೆ ಬೇಲಾಪುರದಲ್ಲಿ ಪರಿಚಯದವರೊಬ್ಬರು ತಮ್ಮ ಹೋಟೆಲನ್ನು ಮಾವನಿಗೆ ವಹಿಸಿ ಊರಿಗೆ ಮರಳುವವರಿದ್ದರು. ಸರಕಾರಿ ಕಚೇರಿಗಳ ಎದುರು ಒಳ್ಳೆಯ ಜಾಗ. ಮಾವನಿಗೆ ಜೀವಮಾನದಲ್ಲಿ ಬಂದ ಒಂದೇ ಅವಕಾಶ. ಆದರೆ ಅಣ್ಣನನ್ನು ಬಿಟ್ಟು ಹೋಗುತ್ತೇನೆಂದು ಹೇಳಲು ಬಾಯಿ ಬರಬೇಕಲ್ಲ? ದೇವರ ಮುಂದೆ ಹೂವಿಟ್ಟು ಪ್ರಸಾದ ಕೇಳಿದರು. ಮೂರು ಸಲ ಕೇಳಿದರೂ ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ.

ಒಂದು ಬೆಳಿಗ್ಗೆ ನನಗೆ ರೇಗಿಹೋಯಿತು. ಆಟದ ಮೇಲೋ ಮಾವನ ಮೇಲೋ ಇವತ್ತಿಗೂ ತಿಳಿಯದು. ನನ್ನ ಸರದಿಯಲ್ಲಿ ಆ ಗುಂಡಿ ಒತ್ತಿ ಆಫೀಸಿಗೆ ಹೋಗಿಬಿಟ್ಟೆ.

ಸಂಜೆ ಬಂದಾಗ ಹೋಟೆಲಿನಲ್ಲಿರಬೇಕಾದ ಮಾವ ಕಂಪ್ಯೂಟರ್ ಮುಂದೆ ಕೂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಇದು ಯಾರು ಒತ್ತಿದ್ದು?”

“ನಾನಲ್ಲ ಮಾವ. ಇವತ್ತು ನಾನು ಕೂತೇ ಇಲ್ಲ” ಎಂದೆ. ಬೈಗುಳ ತಪ್ಪಿಸಿಕೊಳ್ಳುವ ಸುಳ್ಳು, ಅಷ್ಟೇ. ಆದರೆ ಮಾವ ಎದ್ದು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದರು. “ಬೆಳಿಗ್ಗೆ ದೇವರ ಹತ್ರ ಹೇಳಿದ್ದೆ ಮಾರಾಯ್ತಿ, ಹೂವಿನಲ್ಲಿ ಹೇಳ್ಲಿಕ್ಕೆ ಆಗದಿದ್ರೆ ನಿನಗೆ ತೋಚಿದ ಹಾಗೆ ಹೇಳು ಅಂತ.” ಆಗಲೇ ನಿಜ ಹೇಳಬಹುದಿತ್ತು. ಕೈಕಾಲು ತೊಳೆಯುವ ನೆವದಲ್ಲಿ ಒಳಗೆ ಹೋದೆ.

ಮರುದಿನ ರಾತ್ರಿ ಊಟಕ್ಕೆ ಕೂತಾಗ ಮಾವ ಬೇಲಾಪುರದ ವಿಷಯವನ್ನೂ ದೇವರ ಅಪ್ಪಣೆಯನ್ನೂ ಅಣ್ಣನಿಗೆ ಹೇಳಿಯೇಬಿಟ್ಟರು. “ರಾಜನ ಸೈನ್ಯ ಬರ್ತದೆ. ಆ ಊರು ಬಿದ್ರೆ ದೇವರು ಕೈಬಿಟ್ಟ ಅಂತ ಲೆಕ್ಕ, ನಾನು ಹೋಗುವುದಿಲ್ಲ” ಎಂದೂ ಸೇರಿಸಿದರು. ಅನ್ನಕ್ಕೆ ಸಾರು ಕಲಸುತ್ತಿದ್ದ ದೊಡ್ಡ ಮಾವ ಕಣ್ಣೆತ್ತಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ “ಸರಿ, ಹೋಗು” ಎಂದರು. ಅವತ್ತಿನಿಂದ ತಮ್ಮನ ಜೊತೆ ಮಾತು ನಿಲ್ಲಿಸಿದರು.

ನಾನು ಆಟ ಬಿಟ್ಟೆ. ಭಯವಾಗುತ್ತದೆ ಎಂದೆ. ಸಣ್ಣ ಮಾವ ಒಪ್ಪಿದರು. “ಬೆಳಗ್ಗಿನದ್ದು ಯಾರದ್ದೋ ಅವರೇ ಆಡ್ಲಿ, ನಾನು ಮಧ್ಯಾಹ್ನದ್ದು ಮಾತ್ರ ಆಡ್ತೇನೆ.”

ಮರುದಿನ ಮಧ್ಯಾಹ್ನ ಅವರು ಕೂತಾಗ ಬೆಳಗಿನ ಸರದಿ ಮುಗಿದಿತ್ತು.

ಅದರ ಮರುದಿನವೂ ಮುಗಿದಿತ್ತು. ಸಂಜೆ ನಾನು ಬಂದಾಗ ಮಾವ ಪಿಸುದನಿಯಲ್ಲಿ ವರದಿ ಒಪ್ಪಿಸುತ್ತಿದ್ದರು. ಕಡಲಂಚಿನ ನಮ್ಮ ಸೈನಿಕರು ಮಧ್ಯಾಹ್ನ ನೋಡುವಷ್ಟರಲ್ಲಿ ಒಂದು ಸಾಲು ಹಿಂದೆ ಸರಿದಿದ್ದಾರೆ. ಪ್ರತಿ ಕೋಟೆಯಲ್ಲೂ ಮುತ್ತಿಗೆಗೆ ಮೊದಲೇ ಧಾನ್ಯ ತುಂಬಿದೆ. ನನ್ನ ಮೈ ಜುಮ್ಮೆಂದದ್ದು ಬೆಳಗಿನ ಸರದಿಯಲ್ಲಿ ಓಡಿದ ಬಂಡಿಗಳ ಜಾಡು ನೋಡಿ. ಅವು ಹುಲ್ಲಿನ ಚೌಕಗಳನ್ನು ತುಳಿಯದೆ ಸುತ್ತಿ ಹೋಗಿದ್ದವು.

ನನ್ನ ಪಾಡು ಯೋಚಿಸಿ. ಮೊದಲ ಸಲ ಒತ್ತಿದ್ದು ದೇವರಲ್ಲ ಎಂದು ತಿಳಿದವಳು ನಾನೊಬ್ಬಳೇ. ನನ್ನ ಸುಳ್ಳು ಒಂದು ಖಾಲಿ ಕುರ್ಚಿ ಎಳೆದಿಟ್ಟಿತ್ತು, ಯಾರೋ ಬಂದು ಅದರಲ್ಲಿ ಕೂತುಬಿಟ್ಟಿದ್ದರು. ಅತ್ತೆಯನ್ನು ಕೇಳಿದರೆ “ನನಗೆಂಥ ಗೊತ್ತು? ನಾನು ಧೂಳು ಒರೆಸುವವಳು” ಎಂದರು. ಒಂದು ದಿನ ಹೊರಡುವ ಮೊದಲು ಮೌಸಿನ ಮೇಲೆ ತುಳಸಿ ಎಲೆಯೊಂದನ್ನಿಟ್ಟು ಹೋದೆ. ದೆವ್ವವಾದರೆ ಮುಟ್ಟಲಾರದು, ಮನುಷ್ಯರಾದರೆ ಕೆಳಗೆ ಬೀಳಿಸುತ್ತಾರೆ ಎಂಬುದು ನನ್ನ ಮಹಾ ಬುದ್ಧಿವಂತಿಕೆ. ಸಂಜೆ ನೋಡಿದರೆ ಎಲೆ ದೇವರ ಗೂಡಿನಲ್ಲಿ, ವಿಗ್ರಹದ ಪಾದದ ಹತ್ತಿರ ಇತ್ತು. ಅವತ್ತು ನಾನು ಊಟ ಮಾಡಲಿಲ್ಲ. ಆಮೇಲೆ ಆ ಕೋಣೆಗೆ ಒಬ್ಬಳೇ ಹೋಗುವುದನ್ನೂ ಬಿಟ್ಟೆ. ತಲೆ ಬಾಚಿಕೊಳ್ಳಲು ಕನ್ನಡಿ ಅಲ್ಲೇ ಇದ್ದದ್ದರಿಂದ ಮೂರು ತಿಂಗಳು ಅಂದಾಜಿನ ಮೇಲೆ ಬೈತಲೆ ತೆಗೆದೆ.

ಗಣಪತಿ ಹಬ್ಬದ ಹೊತ್ತಿಗೆ ರಾಜನ ಕೊನೆಯ ಹಡಗು ಹಿಂದಿರುಗಿತು. ಅದೂ ಬೆಳಗಿನ ಸರದಿಯಲ್ಲೇ. ಮಾವ ಬಂದು ನೋಡಿದಾಗ ತೆರೆಯ ಮೇಲೆ ಬಾಣಬಿರುಸು ಸಿಡಿಯುತ್ತಿತ್ತು. ಆ ವಾರವೇ ಮಾವ ಅತ್ತೆ ಬೇಲಾಪುರಕ್ಕೆ ಹೋದರು. ಹೊಸ ಹೋಟೆಲಿನ ಪೂಜೆಗೆ ದೊಡ್ಡ ಮಾವ ಬರಲಿಲ್ಲ. ಆಮೇಲೆ ಅಣ್ಣತಮ್ಮಂದಿರು ಮದುವೆ, ಶ್ರಾದ್ಧಗಳಲ್ಲಿ ಎದುರಾದರೆ “ಬಂದಿಯಾ?”, “ಬಂದೆ” ಅನ್ನುವುದಕ್ಕಿಂತ ಹೆಚ್ಚಿಲ್ಲ. ಇದು ಇಪ್ಪತ್ತಮೂರು ವರ್ಷ ನಡೆಯಿತು. ಈ ವರ್ಷ ದೊಡ್ಡ ಮಾವ ಕೋಪರಿಯ ಮನೆಯಲ್ಲೇ ತೀರಿಕೊಂಡರು. ಇಬ್ಬರನ್ನು ಬೇರೆ ಮಾಡಿದ್ದು ನನ್ನ ಒಂದು ಬೆರಳು ಮತ್ತು ಒಂದು ಸುಳ್ಳು ಎನ್ನುವ ಭಾರ ನನ್ನ ಎದೆಯಲ್ಲೇ ಉಳಿಯಿತು.

ಧೂಳಿನ ವಾಸನೆ ಮೂಗಿಗೆ ಬಡಿದ ಮರು ಭಾನುವಾರ ಥಾಣೆಯಲ್ಲಿ ಲೋಕಲ್ ಬದಲಿಸಿ ಬೇಲಾಪುರಕ್ಕೆ ಹೋದೆ. ಭಾನುವಾರ ಕಚೇರಿಗಳಿಗೆ ರಜೆ, ಹೋಟೆಲಿಗೂ ರಜೆ. ಸಣ್ಣ ಮಾವ ಮನೆಯಲ್ಲಿ ಪೇಪರ್ ಓದುತ್ತಿದ್ದರು. ಅತ್ತೆ ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದರು.

“ಮಾವ, ಅವತ್ತು ಗುಂಡಿ ಒತ್ತಿದ್ದು ನಾನು” ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಪೀಠಿಕೆಯೆಲ್ಲ ಮರೆತುಹೋಗಿತ್ತು.

ಮಾವ ಪೇಪರ್ ಮಡಚಿದರು. “ಒಂದೊಂದು ಸಲ ಹಾಗೇ ಅನ್ನಿಸಿತ್ತು” ಎಂದರು. “ಹೋಗ್ಲಿ. ಆದ್ರೆ ಮತ್ತೆ ಮೂರು ತಿಂಗಳು ಆಡಿದ್ದೂ ನೀನೇ ಅಂತ ಮಾತ್ರ ಹೇಳ್ಬೇಡ.”

“ಅಲ್ಲ ಮಾವ. ದೇವರಾಣೆಗೂ ನಾನಲ್ಲ.”

ಅವರ ಮುಖ ಸಡಿಲವಾಯಿತು. ದೇವರು ಅವರಿಗೆ ವಾಪಸ್ ಸಿಕ್ಕಿದ್ದ. ನನಗೆ ಮಾತ್ರ ಹಳೆಯ ಚಳಿ ಮತ್ತೆ ಬೆನ್ನು ಹತ್ತಿತು. ನಡುಹಗಲು, ಕೆಳಗೆ ರಿಕ್ಷಾಗಳ ಸದ್ದು, ಆದರೂ ಹಿಂದೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

“ಭಾವ ಬರ್ತಿದ್ರು” ಎಂದರು ಅತ್ತೆ.

ನಾವಿಬ್ಬರೂ ಅವರನ್ನು ನೋಡಿದೆವು. ಅತ್ತೆ ಬೀನ್ಸಿನ ಮೇಲಿನ ಕಣ್ಣು ತೆಗೆಯಲಿಲ್ಲ.

“ದಿನಾ ಹತ್ತೂವರೆಗೆ. ನಾಷ್ಟಾದ ಗಡಿಬಿಡಿ ಮುಗಿದ ಮೇಲೆ ಗಲ್ಲಾದಲ್ಲಿ ಮಾಣಿಯನ್ನು ಕೂರಿಸಿ ಬರ್ತಿದ್ರು. ನೀವು ಒಳಗೆ ಭಟ್ಟರ ಹತ್ರ ಇರ್ತಿದ್ರಿ, ನಿಮಗೆಲ್ಲಿ ಗೊತ್ತಾಗ್ತದೆ? ಬ್ರಿಡ್ಜ್ ಹತ್ತಿ ಇಳಿದು ಏದುಸಿರು ಬಿಡ್ತಾ ಬರ್ತಿದ್ರು. ನೀವಿಬ್ರು ಆಡುವಾಗ ಚಾ ಕೊಡ್ತಾ ನೋಡಿದ್ದೆನಲ್ಲ, ಮೌಸಿನ ಬಾಣ ನಾನು ಸರಿಸ್ತಿದ್ದೆ. ಒಂದು ದಿನ ಅದ್ರ ಮೇಲೆ ತುಳಸಿ ಇತ್ತು, ದೇವರ ಪಾದಕ್ಕಿಟ್ಟು ಆಡಿದೆ. ಎಲ್ಲಿಗೆ ಅಂತ ಅವರು ಹೇಳ್ತಿದ್ರು. ಮೊದಲು ಊಟಕ್ಕೆ ತುಂಬಿಸಿಡು, ಯುದ್ಧ ಆಮೇಲೆ, ಅಂತ. ನನ್ನ ಗಂಡ ಹುಲ್ಲು ತುಳಿಯುವುದಿಲ್ಲ ಅಂದೆ. ಹಾಗಾದ್ರೆ ನಾವೂ ಬೇಡ ಅಂದ್ರು.”

ಮಾವನ ದನಿ ಏರಿತು. “ಇಷ್ಟು ವರ್ಷ ನನ್ನ ಹತ್ರ ಯಾಕೆ ಹೇಳ್ಲಿಲ್ಲ ನೀನು?”

“ದೇವರ ಮುಂದೆ ಮಾತು ತಗೊಂಡಿದ್ರು, ತಾನು ಇರುವವರೆಗೆ ಹೇಳ್ಬಾರ್ದು ಅಂತ.” ಅತ್ತೆಯ ಕೈ ನಿಂತಿತು. “‘ಅದ್ರಲ್ಲಿ ಸೋತ್ರೆ ಅವ ಹೋಗುವುದಿಲ್ಲ. ನಾನು ಒಂದು ಒಳ್ಳೆ ಮಾತಾಡಿದ್ರೂ ಹೋಗುವುದಿಲ್ಲ. ಅವ ಹೋಗ್ಬೇಕು’ ಅಂದ್ರು.”

ನನಗೆ ಅಳು ಬಂತು. ಇಷ್ಟು ವರ್ಷ ನಾನು ಹೆದರಿದ್ದು ದೊಡ್ಡ ಮಾವನಿಗೆ, ಬಿಸಿಲಲ್ಲಿ ಬ್ರಿಡ್ಜ್ ಹತ್ತಿ ಬಂದ ಒಬ್ಬ ಮುದುಕನಿಗೆ. ಆ ದಿನ ಸಾರು ಕಲಸುತ್ತಾ ಅವರು ನನ್ನನ್ನು ನೋಡಿದ್ದರಲ್ಲ, ನನ್ನ ಸುಳ್ಳು ಅವರಿಗೆ ಆಗಲೇ ಗೊತ್ತಾಗಿತ್ತು. ಬೈಯದೆ ಅದನ್ನು ಎತ್ತಿಕೊಂಡು ಮುಂದುವರಿಸಿದ್ದರು.

“ಬಂದಾಗ ಕಾಫಿಯಾದ್ರೂ ಕೊಡ್ತಿದ್ದಿಯಾ ಅವನಿಗೆ?” ಮಾವ ಕೇಳಿದರು.

“ಕೊಡ್ತಿದ್ದೆ. ಆಡಿ ಮುಗಿದ ಮೇಲೆ ಬಾಗಿಲ ಹತ್ರ ನಿಂತೇ ಕುಡಿದು ಹೋಗ್ತಿದ್ರು.”

“ಕೂತ್ಕೊಳ್ಳಿ ಅಂತ ಹೇಳ್ಬಾರ್ದಿತ್ತಾ?” ಎಂದು ಮಾವ ಜೋರಾಗಿ ಗದರಿದರು. “ಐದು ನಿಮಿಷ ಕೂತ್ಕೊಳ್ಳಿ ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?” ಅತ್ತೆ ಮತ್ತೆ ಬೀನ್ಸ್ ಮುರಿಯತೊಡಗಿದರು. ಮಾವ ಮಡಚಿದ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ನಾನು ಹೊರಡುವವರೆಗೂ ಅದನ್ನು ಕೆಳಗಿಳಿಸಲಿಲ್ಲ.