ಅಕ್ಕನ ಕೋರ್ಸಿನಲ್ಲಿ ನಮ್ಮನೆ

ಹೋದ ತಿಂಗಳು ಒಂದು ಬೆಳಿಗ್ಗೆ ಗೇಟಿನ ಹತ್ತಿರ ಗಲಾಟೆ ಕೇಳಿ ಹೊರಗೆ ಬಂದೆ. ಹನ್ನೆರಡು ಜನ ಅಮೆರಿಕದ ಹುಡುಗ ಹುಡುಗಿಯರು ಫುಟ್‌ಪಾತಿನ ಮೇಲೆ ಸಾಲಾಗಿ ನಿಂತು ನಮ್ಮನೆಯ ಫೋಟೋ ತೆಗೆಯುತ್ತಿದ್ದರು. ತುಳಸಿ ಕಟ್ಟೆ, ಕಾಂಪೌಂಡಿನ ಮೇಲೆ ಒಣಹಾಕಿದ್ದ ಡೋರ್‌ಮ್ಯಾಟು, ಗೇಟಿಗೆ ಸಿಕ್ಕಿಸಿದ್ದ ಹಾಲಿನ ಚೀಲ, ಒಂದನ್ನೂ ಬಿಡಲಿಲ್ಲ. ಒಬ್ಬ ನನ್ನದೂ ಒಂದು ಕ್ಲಿಕ್ಕಿಸಿದ. ನಾನು ನೈಟಿಯ ಮೇಲೆ ಟವೆಲ್ ಹೊದ್ದು ನಿಂತಿದ್ದೆ. (ಜಯನಗರದ ರಾಷ್ಟ್ರೀಯ ಉಡುಪು ಅದು, ನಗಬೇಡಿ.)

ಅವರ ಮುಂದೆ ಕೊಡೆ ಹಿಡಿದು ಒಬ್ಬರು ಮೇಡಂ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ಕೊರಳಲ್ಲಿ ಐಡಿ ಕಾರ್ಡು, ಕಾಲಲ್ಲಿ ಸ್ಪೋರ್ಟ್ಸ್ ಶೂ. ಇಂಥ ಹಳೇ ಮನೆಗಳು ಈಗ ಕಡಿಮೆಯಾಗುತ್ತಿವೆಯಂತೆ. ಈ ಮನೆಯ ರೆಸಿಡೆಂಟ್ಸ್ ಇನ್ನೂ ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತಾರಂತೆ. ದಯವಿಟ್ಟು ಗಮನಿಸಬೇಕಂತೆ.

ರೆಸಿಡೆಂಟ್ಸ್! ಆ ರೆಸಿಡೆಂಟು ನಾನು. ಆ ಮೇಡಂ ನಮ್ಮಕ್ಕ. ದೂರದ ನೆಂಟಳಲ್ಲ, ಒಡಹುಟ್ಟಿದ ಸ್ವಂತ ಅಕ್ಕ. ಅವಳು ಬೆರಳು ಮಾಡಿ ತೋರಿಸುತ್ತಿದ್ದ ಆ ಮನೆಯ ನಡುಕೋಣೆಯಲ್ಲೇ ನಾವಿಬ್ಬರೂ ಒಂದೇ ಹೊದಿಕೆಗೆ ಕಿತ್ತಾಡುತ್ತಾ ಬೆಳೆದದ್ದು.

'ಅಕ್ಕಾ' ಅಂತ ಬಾಯಿ ತೆರೆಯುವಷ್ಟರಲ್ಲಿ ಅವಳು ಕಣ್ಣಲ್ಲೇ ಸುಮ್ಮನಿರು ಅಂದಳು. ಆಮೇಲೆ ಅವರೆಲ್ಲ ನನಗೆ ಕೈಬೀಸಿ, ಮುಂದಿನ ಮನೆಯ ಫೋಟೋ ತೆಗೆಯಲು ಹೋದರು. ಅಕ್ಕನೂ ಕೈಬೀಸಿದಳು. ಮೈ ಉರಿದುಹೋಯಿತು ನನಗೆ.

ಎದುರು ಮನೆಯ ಪದ್ಮಾ ಆಂಟಿ ಇದನ್ನೆಲ್ಲ ನೋಡದೆ ಇರುತ್ತಾರೆಯೇ? "ಏನಮ್ಮಾ, ಅದು ನಿಮ್ಮಕ್ಕ ಅಲ್ವಾ? ಒಳಗೇ ಬರ್ಲಿಲ್ಲ?" ಅಂದರು. "ಕೆಲಸದ ಮೇಲೆ ಬಂದಿದ್ದಾಳೆ ಆಂಟಿ" ಅಂದೆ. "ತವರಿಗೆ ಬರೋದೂ ಕೆಲಸ ಆಯ್ತಾ?" ಅಂತ ಕೇಳಿ ಆಂಟಿ ಒಳಗೆ ಹೋದರು.

ವಿಷಯ ಏನೆಂದರೆ, ಅಕ್ಕ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ನಗರಗಳ ಬಗ್ಗೆ ಪಾಠ ಮಾಡುವ ಪ್ರೊಫೆಸರು. ಅಲ್ಲಿ ಬೇಸಿಗೆ ರಜೆಯಲ್ಲಿ ಸಮ್ಮರ್ ಕೋರ್ಸ್ ಅಂತ ಮಾಡುತ್ತಾರೆ. ಪ್ರೊಫೆಸರೇ ಒಂದಷ್ಟು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಯಾವುದಾದರೂ ಬೇರೆ ದೇಶಕ್ಕೆ ಹೋಗಬೇಕು. ಮೂರು ವಾರ ಅಲ್ಲಿ ತಿರುಗಾಡಿಸಿ, ಪಾಠ ಹೇಳಿ, ಪರೀಕ್ಷೆ ಮಾಡಿ, ಎಲ್ಲರನ್ನೂ ಇಡಿಯಾಗಿ ವಾಪಸು ತಲುಪಿಸಬೇಕು. ನಮ್ಮಕ್ಕ ಆರಿಸಿಕೊಂಡ ದೇಶ ಭಾರತ, ಊರು ಬೆಂಗಳೂರು, ಪಾಠದ ವಿಷಯ 'ಒಂದು ಬಡಾವಣೆಯ ದಿನನಿತ್ಯದ ಬದುಕು'. ಬಡಾವಣೆ ಯಾವುದು ಅಂತ ಬೇರೆ ಹೇಳಬೇಕಾ? (ಸಮ್ಮರ್ ಕೋರ್ಸ್ ಅನ್ನೋದು ಬರೀ ಹೆಸರಿಗೆ. ಜೂನ್ ತಿಂಗಳು, ದಿನಾ ಮಳೆ, ಪಾಪ ಆ ಮಕ್ಕಳ ಕೈಲಿ ಹಗಲೆಲ್ಲ ಒದ್ದೆ ಕೊಡೆ.)

ಬರುತ್ತಿದ್ದೇನೆ ಅಂತ ಅವಳು ಫೋನ್ ಮಾಡಿದಾಗ ನಾನು ಕುಣಿದಾಡಿದ್ದೆ. ಅಮ್ಮನ ಕಾರ್ಯಕ್ಕೆ ಬಂದು ಹೋದವಳು ಮತ್ತೆ ಬಂದಿರಲಿಲ್ಲ. ಹೊಸ ಹಾಸಿಗೆ ಬಟ್ಟೆ ತಂದೆ, ಫ್ಯಾನ್ ಒರೆಸಿಸಿದೆ. ಆಮೇಲೆ ಗೊತ್ತಾಯಿತು, ಅವಳಿಗೆ ನಮ್ಮನೆಯಲ್ಲಿ ಮಲಗಲು ಪರ್ಮಿಷನ್ ಇಲ್ಲ! ಲೀಡರ್ ಆದವರು ವಿದ್ಯಾರ್ಥಿಗಳು ಇರುವ ಕಟ್ಟಡದಲ್ಲೇ ಮಲಗಬೇಕು. ಹಗಲಲ್ಲೂ ಅವರನ್ನು ಬಿಟ್ಟು ಒಬ್ಬಳೇ ಎಲ್ಲೂ ಹೋಗುವಂತಿಲ್ಲ. ಅದು ರೂಲು. ವಿದ್ಯಾರ್ಥಿಗಳಿಗೆ ರೂಮು ಮಾಡಿದ್ದು ಬಿಟಿಎಂ ಲೇಔಟಿನ ಒಂದು ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ. ಟ್ರಾಫಿಕ್ ಇಲ್ಲದಿದ್ದರೆ ನಮ್ಮನೆಯಿಂದ ಹತ್ತು ನಿಮಿಷ. (ಟ್ರಾಫಿಕ್ ಇಲ್ಲದಿರುವುದು ಯಾವಾಗ ಅಂತ ಕೇಳಬೇಡಿ.) ಅಷ್ಟು ದೂರದಿಂದ ಹಾರಿಬಂದವಳು ಜಯದೇವ ಸಿಗ್ನಲ್ಲಿನ ಆಚೆಗೇ ನಿಂತುಬಿಟ್ಟಳು.

ಆವತ್ತು ಮಧ್ಯಾಹ್ನ ಅಕ್ಕನೇ ಫೋನ್ ಮಾಡಿದಳು.

"ಸಿಟ್ಟು ಬಂತೇನೇ?"

"ನಿನ್ ರೆಸಿಡೆಂಟ್ಸ್‌ಗೆ ಯಾಕ್ ಸಿಟ್ಟು ಬರುತ್ತೆ? ಫೋಟೋ ಚೆನ್ನಾಗಿ ಬಂತಾ?"

"ಅವರಿಗೆ ಅದು ನನ್ ಮನೆ ಅಂತ ಗೊತ್ತಿಲ್ಲ ಕಣೇ. ಗೊತ್ತಾಗ್ಬಾರ್ದು. ಈ ಕೋರ್ಸ್ ಶುರು ಮಾಡೋವಾಗ್ಲೇ ನಮ್ಮ ಬಾಸ್ ಒಬ್ಬ ನಕ್ಕೊಂಡು ಕೇಳ್ದ, ಪಾಠಕ್ಕೆ ಹೋಗ್ತಿದ್ದೀರೋ ಊರಿಗೆ ಹೋಗ್ತಿದ್ದೀರೋ ಅಂತ. ಮಕ್ಕಳು ದುಡ್ಡು ಕಟ್ಟಿ ಬಂದಿರ್ತಾರೆ. ಮೇಡಂ ತವರಿಗೆ ಬರೋಕೆ ನಮ್ಮನ್ನ ಎಳ್ಕೊಂಡು ಬಂದಿದ್ದಾರೆ ಅಂದ್ಕೊಂಡ್ರೆ?"

"ಅದು ನಿಜ ಅಲ್ವಾ?"

"ನಿಜ. ಅದಕ್ಕೇ ಹೇಳಲ್ಲ" ಅಂದಳು.

ನಾನು ಆಗ ಒಂದು ಮಾತು ಆಡಿಬಿಟ್ಟೆ. "ಅಮ್ಮ ಇದ್ದಿದ್ರೆ ಹೀಗೆ ಗೇಟಿಂದಾನೇ ಹೋಗ್ತಿದ್ಯಾ?"

ಅದೇ ನನ್ನ ಹೊಟ್ಟೆಯೊಳಗಿನ ಸಂಕಟ, ಮುಚ್ಚಿಡುವುದೇನು? ಅಮ್ಮ ಇರುವ ತನಕ ಇದು ಅಕ್ಕನಿಗೆ ತವರು. ಅಮ್ಮ ಹೋದಮೇಲೆ? ತಂಗಿ ಇರುವ ಮನೆ ತವರಾಗುತ್ತದೋ ಇಲ್ಲವೋ? ಬಾಗಿಲು ಅದೇ, ಹೊಸ್ತಿಲು ಅದೇ, ಡಿಕಾಕ್ಷನ್ ಇಳಿಸುವ ಫಿಲ್ಟರ್ ಸಹ ಅದೇ. ಅವಳು ಒಂದೇ ಒಂದು ಸಲ ಬಂದು ಈ ಮನೆಯಲ್ಲಿ ಕಾಲು ಚಾಚಿ ಮಲಗಿ ಎದ್ದರೆ ಸಾಕಿತ್ತು. ಇದೆ, ಇನ್ನೂ ತವರು ಇದೆ ಅಂತ ನನಗೂ ಸಮಾಧಾನ ಆಗುತ್ತಿತ್ತು.

ಅಕ್ಕ ಒಂದು ಉಪಾಯ ಮಾಡಿದಳು. ಕೋರ್ಸಿನ ಕೊನೆಯ ವಾರ 'ಮನೆ ಭೇಟಿ' ಅಂತ ಒಂದು ಕಾರ್ಯಕ್ರಮ ಇತ್ತು. ಯಾವುದೋ ಪರಿಚಯದ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದುಕೊಂಡು ಹೋಗುವುದು. ಆ ಪರಿಚಯದ ಮನೆ ನಮ್ಮದಾಯಿತು. ಸಂತೋಷ ಪಡಬೇಕೋ, ಅವಮಾನ ಪಡಬೇಕೋ ನೀವೇ ಹೇಳಿ. ನಾನು ಎರಡನ್ನೂ ಪಟ್ಟು ಕಡಲೆಬೇಳೆ ನೆನೆಹಾಕಿದೆ.

ಬಂದರು. ಬಾಗಿಲಲ್ಲಿ ಅಷ್ಟು ಜೊತೆ ಶೂ ನೋಡಿ ಪದ್ಮಾ ಆಂಟಿ ಮದುವೆ ಗಿದುವೆ ಅಂದುಕೊಂಡಿರಬೇಕು. "ದಿಸ್ ಈಸ್ ಅವರ್ ಹೋಸ್ಟ್" ಅಂತ ಅಕ್ಕ ನನ್ನನ್ನು ಪರಿಚಯ ಮಾಡಿಕೊಟ್ಟಳು. ನಾನೂ ಬಿಡಲಿಲ್ಲ. "ವೆಲ್‌ಕಮ್, ಪ್ರೊಫೆಸರ್" ಅಂದೆ. ಅವಳ ಮುಖ ನೋಡಬೇಕಿತ್ತು.

ಬಿಸಿಬೇಳೆಬಾತು, ಬೂಂದಿ, ಹೋಳಿಗೆ. ಒಬ್ಬನಿಗೆ ಗೋಡಂಬಿ ಆಗದು, ಒಬ್ಬಳಿಗೆ ತುಪ್ಪ ಆಗದು. ಅಕ್ಕ ಒಂದು ತುತ್ತೂ ಬಾಯಿಗಿಡದೆ ಎಲ್ಲರ ತಟ್ಟೆ ನೋಡುತ್ತಾ ಓಡಾಡುತ್ತಿದ್ದಳು. ಅವಳಿಗೆಂದೇ ಕಾವಲಿಯಿಂದ ತೆಗೆದ ಹೋಳಿಗೆ ತಟ್ಟೆಯಲ್ಲೇ ಆರಿತು. ನೀರು ಕೊಟ್ಟೆ. ವಿದ್ಯಾರ್ಥಿಗಳ ಕಡೆ ಒಮ್ಮೆ ನೋಡಿ, ಬ್ಯಾಗಿನಿಂದ ಬಾಟಲಿ ತೆಗೆದು ಕುಡಿದಳು. ಹೊರಗಿನ ನೀರು ಕುಡಿಯಬೇಡಿ ಅಂತ ಮಕ್ಕಳಿಗೆ ಹೇಳಿ, ತಾನೇ ಕುಡಿದರೆ ಹೇಗೆ? ಅರ್ಥವಾಗುತ್ತದೆ. ಆದರೂ ನಮ್ಮನೆ ನೀರು ಅವಳಿಗೆ ಹೊರಗಿನ ನೀರಾಯಿತಲ್ಲ ಅಂತ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಹ್ಯಾನಾ ಅನ್ನುವ ಒಂದು ಉದ್ದನೆ ಹುಡುಗಿ ಬಾತ್‌ರೂಮಿನ ಬಾಗಿಲ ಜೊತೆ ಗುದ್ದಾಡುತ್ತಿದ್ದಳು. ಮಳೆಗಾಲ ಬಂತೆಂದರೆ ಆ ಬಾಗಿಲು ಉಬ್ಬಿ ಕೂರುತ್ತದೆ. ಅಕ್ಕ ಯಾರದೋ ಪ್ರಶ್ನೆಗೆ ಉತ್ತರ ಹೇಳುತ್ತಲೇ ಹಿಂದಕ್ಕೆ ಬಂದು, ಚಿಲಕ ಎತ್ತಿ, ಮೊಣಕಾಲಿನಿಂದ ಕೆಳಗೊಂದು ಒದ್ದು, ತಿರುಗಿ ನೋಡದೆ ಹೊರಟುಹೋದಳು. ಬಾಗಿಲು ತೆರೆದುಕೊಂಡಿತು.

ಊಟ ಮುಗಿದ ಮೇಲೆ ಲಾಲ್‌ಬಾಗಿಗೆ ಹೋಗುವುದಿತ್ತು. ಅಕ್ಕ ತಲೆ ಎಣಿಸಲು ಹಾಲ್‌ನಲ್ಲಿದ್ದ ದಿವಾನಿನ ತುದಿಯಲ್ಲಿ ಕೂತಳು. ಎಣಿಸುತ್ತಾ ಎಣಿಸುತ್ತಾ ಗೋಡೆಗೆ ಒರಗಿದಳು. ಅಷ್ಟೇ. ನಿದ್ದೆ ಹೋದಳು!

ಅದೇನು ಸಾಮಾನ್ಯ ನಿದ್ದೆಯೇ? ಬಾಯಿ ಬಿಟ್ಟುಕೊಂಡು, ಐಡಿ ಕಾರ್ಡು ಎದೆಯ ಮೇಲೆ ಏರಿಳಿಯುತ್ತಾ, ಸಣ್ಣಗೆ ಗೊರಕೆ ಬೇರೆ. ಒಬ್ಬ ಹುಡುಗ ಎಬ್ಬಿಸಲು ಹೋದ. ಹ್ಯಾನಾ ಅವನ ತೋಳು ಹಿಡಿದು ಎಳೆದಳು. ಎಲ್ಲರನ್ನೂ ಸದ್ದಿಲ್ಲದೆ ವರಾಂಡಕ್ಕೆ ಅಟ್ಟಿ, ಬಾಗಿಲು ಮುಂದೆ ಮಾಡಿದಳು. ನಾನು ಅಕ್ಕನ ಕಾಲು ಎತ್ತಿ ಮೇಲಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟೆ. ಪಕ್ಕದಲ್ಲಿ ಕೂತೆ. ಕೂದಲಿನ ಬುಡವೆಲ್ಲ ಬೆಳ್ಳಗಾಗಿದೆ. ಈ ಹೆಂಗಸಿಗಾಗಿ ನಾನು ಎಷ್ಟು ಕಾದಿದ್ದೆ! ಪಕ್ಕದಲ್ಲೇ ಕೂತಿದ್ದರೂ ಅವಳ ನೆನಪು ಬರುತ್ತಿತ್ತು ಅಂದರೆ ನಂಬುತ್ತೀರಾ? ಎದ್ದು ಹೋಗಿಬಿಡುತ್ತಾಳೆ ಅಂತ ಫ್ಯಾನಿನ ಸ್ಪೀಡು ಬದಲಾಯಿಸಲೂ ಹೆದರಿ ಹಾಗೇ ಕೂತಿದ್ದೆ.

(ರೂಲಿನ ಬಗ್ಗೆ ಚಿಂತೆ ಬೇಡ. ಲೀಡರ್ ಮಲಗಿದ ಕಟ್ಟಡದಲ್ಲೇ ಹನ್ನೆರಡೂ ವಿದ್ಯಾರ್ಥಿಗಳಿದ್ದರು.)

ಮಳೆ ಶುರುವಾದ ಸದ್ದಿಗೆ ಅಕ್ಕ ದಡಬಡಿಸಿ ಎದ್ದಳು. "ಅಯ್ಯೋ, ಟೈಮೆಷ್ಟೇ? ಯಾಕೇ ಎಬ್ಬಿಸ್ಲಿಲ್ಲ? ಲಾಲ್‌ಬಾಗು!" ಅಂದಳು. ಬಾಗಿಲು ತೆಗೆದರೆ ವರಾಂಡದ ತುಂಬ ಮಕ್ಕಳು ಕೂತು ಮಳೆ ನೋಡುತ್ತಿದ್ದಾರೆ. ಅಕ್ಕ ನಾಚಿಕೆಯಿಂದ ಕೆಂಪಾಗಿ, ಇಂಗ್ಲಿಷಿಗೆ ಹೊರಳಿ, ಹತ್ತು ಸಲ ಸಾರಿ ಕೇಳಿದಳು. ಲಾಲ್‌ಬಾಗು ತಪ್ಪಿತು. ಯಾರಿಗೂ ಬೇಜಾರಾದಂತೆ ಕಾಣಲಿಲ್ಲ.

ಹೊರಡುವ ಹೊತ್ತಾಯಿತು. ನಾನು ಒಳಗಿಂದ ತಟ್ಟೆ ತಂದೆ. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ, ಹಸಿರು ಬಳೆ. ಮಡಿಲಕ್ಕಿ. ತವರಿಗೆ ಬಂದ ಮಗಳನ್ನು ಮಡಿಲು ತುಂಬದೆ ಕಳಿಸಿದರೆ ಅಮ್ಮನಿಗೆ ಆವತ್ತೆಲ್ಲ ಊಟ ಸೇರುತ್ತಿರಲಿಲ್ಲ.

ಅಕ್ಕ ತಟ್ಟೆ ನೋಡಿದ್ದೇ ಹಿಂದೆ ಸರಿದಳು. "ಬೇಡ ಕಣೇ, ಇವರೆಲ್ಲಾ ನೋಡ್ತಿದ್ದಾರೆ. ಮಡಿಲಕ್ಕಿ ತವರಿಗೆ ಬಂದೋರಿಗೆ ಕೊಡೋದು. ನಾನು ಬಂದಿರೋದು ಕೋರ್ಸ್‌ಗೆ" ಅಂತ ಪಿಸುಗುಟ್ಟಿದಳು.

"ಸರಿ. ನಂಗೆ ಇನ್ಮೇಲೆ ತವರಿಲ್ಲ ಅಂತ ಬಾಯ್ಬಿಟ್ಟು ಹೇಳ್ಬಿಡು. ಈ ಅಕ್ಕೀನ ವಾಪಸ್ ಡಬ್ಬಕ್ಕೆ ಸುರೀತೀನಿ" ಅಂದೆ.

ಮಕ್ಕಳಿಗೆ ಕನ್ನಡ ಬರದಿದ್ದರೂ ಜಗಳ ಅರ್ಥವಾಗುತ್ತದೆ. ಒಬ್ಬ ಮೆಲ್ಲಗೆ, ಪ್ರೊಫೆಸರ್, ಆ ತಟ್ಟೆ ಏನು ಅಂತ ಕೇಳಿದ. ಅಕ್ಕ ತನ್ನ ಪಾಠದ ದನಿ ತಂದುಕೊಂಡಳು. ಇದು ಇಲ್ಲಿನ ಪದ್ಧತಿ, ಮದುವೆಯಾದ ಮಗಳು ತಾಯಿ ಮನೆಯಿಂದ ಹೊರಡುವಾಗ ಆ ಮನೆಯವರು ಅವಳಿಗೆ... ಅಲ್ಲಿಗೆ ನಿಂತಿತು. ಇನ್ನೊಮ್ಮೆ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಿತು.

ಹ್ಯಾನಾ ಮುಂದೆ ಬಂದು, "ಇದು ನಿಮ್ಮ ಮನೆ, ಅಲ್ವಾ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಅಕ್ಕ ಕೊರಳಿನ ಐಡಿ ಕಾರ್ಡು ತಿರುವತೊಡಗಿದಳು.

"ನೀವು ಬಾತ್‌ರೂಮ್ ಬಾಗಿಲಿಗೆ ಒದ್ದಾಗಲೇ ಅನ್ನಿಸಿತು. ಬೇರೆಯವರ ಮನೆ ಬಾಗಿಲಿಗೆ ಯಾರೂ ಹಾಗೆ ಒದೆಯಲ್ಲ. ಮೂರು ವಾರದಿಂದ ಗಮನಿಸಿ, ಗಮನಿಸಿ ಅಂತ ನೀವೇ ಹೇಳ್ತಿದ್ದೀರಲ್ಲ ಪ್ರೊಫೆಸರ್?"

ಅಕ್ಕ ಮೊದಲು ನಕ್ಕಳು. ಆಮೇಲೆ ನಗು ಎಲ್ಲೋ ದಾರಿ ತಪ್ಪಿ ಅಳುವಾಯಿತು. ಮಕ್ಕಳ ಎದುರಿಗೇ, ಒಂದು ಕರ್ಚೀಫೂ ಇಲ್ಲದೆ, ಬಿಕ್ಕಿ ಬಿಕ್ಕಿ ಅತ್ತಳು. ಇವಳು ನನ್ನ ತಂಗಿ, ಇದು ನಮ್ಮಮ್ಮನ ಮನೆ ಅಂತ ಆ ಅಳುವಿನಲ್ಲೇ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಕಡೆ ತಿರುಗಿ, "ಸೆರಗಿಲ್ವಲ್ಲೇ" ಅಂದಳು.

"ಕುರ್ತಾ ಇದೆಯಲ್ಲ, ಹಿಡಿ."

ಹಿಡಿದಳು. ಬೊಗಸೆ ತುಂಬ ಅಕ್ಕಿ ಹಾಕಿದೆ. ಯಾರೂ ಫೋಟೋ ತೆಗೆಯಲಿಲ್ಲ. ಆಮೇಲೆ ಹೆಣ್ಣುಮಕ್ಕಳೆಲ್ಲ ತಾವೂ ಟೀ ಶರ್ಟಿನ ಅಂಚು ಹಿಡಿದು ನನ್ನ ಮುಂದೆ ಸಾಲಾಗಿ ನಿಂತುಬಿಟ್ಟರು. ಮದುವೆಯಾಗದ ಹುಡುಗಿಯರಿಗೆ ಮಡಿಲಕ್ಕಿ ಕೊಡುತ್ತಾರಾ? ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳೋ ಗೊತ್ತಿಲ್ಲ. ನಾನು ಕೊಟ್ಟೆ. ಗಂಡುಮಕ್ಕಳಿಗೆ ಬೆಲ್ಲ.

ವಾಪಸು ಹೊರಡುವ ದಿನ ಅಕ್ಕ ಏರ್‌ಪೋರ್ಟಿನಿಂದ ಫೋನ್ ಮಾಡಿದಳು. ಅಕ್ಕಿ ತೆಗೆದುಕೊಂಡು ಹೋಗಿ ಅಲ್ಲಿ ತಕರಾರು ಮಾಡಿಸಿಕೊಳ್ಳುವುದು ಯಾಕೆ ಅಂತ ಎಲ್ಲರ ಮಡಿಲಕ್ಕಿಯನ್ನೂ ಸೇರಿಸಿ ಬಿಟಿಎಂನಲ್ಲೇ ಅನ್ನ ಮಾಡಿಕೊಂಡು ಉಂಡರಂತೆ. ಬಳೆ ಮಾತ್ರ ಕೈಯಲ್ಲೇ ಇದೆಯಂತೆ.

"ಮುಂದಿನ ವರ್ಷ?" ಅಂದೆ.

"ಮಕ್ಕಳು ಸೇರಿದ್ರೆ ಉಂಟು ಕಣೇ. ಟಿಕೆಟ್ ಕೊಡೋದು ಯೂನಿವರ್ಸಿಟಿ ಅಲ್ವಾ? ಹನ್ನೆರಡು ಜನ ಆಗ್ಲಿಲ್ಲ ಅಂದ್ರೆ ಕೋರ್ಸ್ ಕ್ಯಾನ್ಸಲ್. ಈ ಸಲಾನೂ ಕೊನೇವರೆಗೂ ಹನ್ನೊಂದೇ ಇತ್ತು. ಹ್ಯಾನಾ ಕಡೇ ಗಳಿಗೇಲಿ ಸೇರಿದ್ದು."

ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ದಿವಾನಿನ ಮೇಲೆ ಕೂತಿದ್ದೆ. ಅಲ್ಲಾ ಸ್ವಾಮಿ, ಒಬ್ಬ ಹೆಣ್ಣುಮಗಳು ತನ್ನ ತವರಿಗೆ ಬಂದು ಹೋಗಬೇಕಾದರೆ ಯಾವುದೋ ದೇಶದಲ್ಲಿ ಹನ್ನೆರಡು ಜನ ಅಡ್ಮಿಷನ್ ಮಾಡಿಸಬೇಕಾ?