ಇಪ್ಪತ್ತನಾಲ್ಕು ಪುಸ್ತಕಗಳ ಬೆನ್ನಲ್ಲಿ

ಗ್ರಂಥಾಲಯದ ಹಿಂಬದಿಯ ರಿಪೇರಿ ಕೋಣೆಯಲ್ಲಿ ನಾನು ರಟ್ಟು ಕತ್ತರಿಸುತ್ತಿದ್ದೆ, ಅವಳು ಪುಸ್ತಕ ಹೊಲಿಯುತ್ತಿದ್ದಳು. ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಎಲ್ಲರಿಗೂ ಹೊಲಿಗೆಯಕ್ಕ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತವರು ನಾವು. ಅವಳು ಹೊಲಿದ ಪುಸ್ತಕವನ್ನು ಎತ್ತಿ ಒಗೆದರೂ ಒಂದು ಹಾಳೆ ಅಲುಗದು. ಅಕ್ಷರ ಮಾತ್ರ ಅವಳ ಪಾಲಿಗೆ ಕೋಳಿ ಕೆದರಿದ ನೆಲ. ನಾನೂ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ರದ್ದಿ ಹಾಳೆ ನೋಡಿ ನೋಡಿ ಓದು ಕಲಿತವನು. "ನಿಂಗೂ ಕಲಿಸ್ತೀನಿ ಬಾರೇ" ಎಂದರೆ, "ಹೊಲಿಯೋಳು ಓದೋಕೆ ಕೂತ್ರೆ ಓದೋರು ಬಂದು ಹೊಲೀತಾರಾ ಅಣ್ಣ?" ಎಂದು ದಬ್ಬಳ ತೋರಿಸುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ಹತ್ತು ವರ್ಷದವಳು. ಗುಬ್ಬಿ ಅಂತ ಕರೆಯುತ್ತಿದ್ದೆವು. ಶಾಲೆ ಬಿಟ್ಟ ಕೂಡಲೇ ನಮ್ಮ ಕೋಣೆಗೆ ಬಂದು ಬೆನ್ನು ಮುರಿದ ಪುಸ್ತಕಗಳ ಗುಡ್ಡೆಯ ಪಕ್ಕ ಕೂತರೆ ಮುಗಿಯಿತು. ಆ ಕೂಸಿನ ಕಣ್ಣಿನ ನರ ಸೊರಗುತ್ತಿತ್ತು. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು, ಆಮೇಲೆ ಕತ್ತಲೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗುಬ್ಬಿ ಅಳಲಿಲ್ಲ. ಮೊದಲಿಗಿಂತ ಬೇಗ ಬೇಗ ಓದತೊಡಗಿದಳು, ಅಷ್ಟೇ.

ಆಗ ಸಿಕ್ಕಿತು ಆ ಪುಸ್ತಕ. ಅಣ್ಣ ತಂಗಿ ಇಬ್ಬರು ಮಕ್ಕಳು, ತಾವು ಓದುತ್ತಿದ್ದ ಪುಟದ ಚಿತ್ರದಲ್ಲಿದ್ದ ಏಣಿ ಹಿಡಿದು ಪುಸ್ತಕದೊಳಕ್ಕೇ ಇಳಿದುಬಿಡುತ್ತಾರೆ. ಒಳಗೆ ಶಾಯಿಯ ಹೊಳೆ, ಮಾತಾಡುವ ಬೆಟ್ಟ, ಅಲ್ಪವಿರಾಮ ಮೇಯುವ ಕುರಿಗಳು. ತಿರುಗಿ ಬರುವ ಹೊತ್ತಿಗೆ ಏಣಿಯೇ ಇಲ್ಲ! ಅಲ್ಲಿಂದ ಮುಂದೆ ಪುಸ್ತಕವೂ ಇಲ್ಲ. ಕೊನೆಯ ಎಂಟು ಹಾಳೆ ಎಲ್ಲೋ ಉದುರಿಹೋಗಿದ್ದವು.

"ಅಮ್ಮಾ, ಅವ್ರು ಹೊರಗೆ ಬಂದ್ರಾ ಇಲ್ವಾ? ಕಣ್ಣು ಹೋಗೋದ್ರೊಳಗೆ ನಾನೇ ಓದ್ಬೇಕು."

"ತಂದ್ಕೊಡ್ತೀನಿ ಬಿಡೇ. ಹೊಲಿಯೋಳ ಮಗಳಿಗೆ ಹಾಳೆಗೆ ಬರವಾ?"

ಗ್ರಂಥಪಾಲಕರು ಪಟ್ಟಿ ತಿರುವಿ ನೋಡಿದರು. "ಇದ್ದಿದ್ದೇ ಎರಡು ಪ್ರತಿ. ಇನ್ನೊಂದನ್ನ ಹೋದ ವರ್ಷ ರದ್ದಿಗೆ ಅಂತ ನಿಮ್ಮ ಕೋಣೆಗೇ ಕಳಿಸಿದ್ವಲ್ಲಮ್ಮ. ಅಚ್ಚು ಹಾಕಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲ ಆಯ್ತು."

ಅಕ್ಕನ ಮುಖ ಸುಣ್ಣವಾಯಿತು. ಹೊಲಿದ ಪುಸ್ತಕದ ಬೆನ್ನಿಗೆ ಬಿಗಿ ಬರಲೆಂದು ರದ್ದಿ ಹಾಳೆಯ ಉದ್ದನೆಯ ಪಟ್ಟಿ ಅಂಟಿಸಿ, ಮೇಲೆ ಬಟ್ಟೆ ಎಳೆಯುವುದು ನಮ್ಮ ಪದ್ಧತಿ. ಯಾವ ಹಾಳೆ, ಏನು ಬರೆದಿದೆ ಎಂದು ಯಾರು ನೋಡುತ್ತಾರೆ? ಏಣಿಯ ಚಿತ್ರವಿದ್ದ ಆ ಪ್ರತಿಯನ್ನು ತಾನೇ ಹರಿದದ್ದು ಅವಳಿಗೆ ನೆನಪಿತ್ತು. ಕೊನೆಯ ಎಂಟು ಹಾಳೆ ಗಟ್ಟಿಯಾಗಿವೆ ಎಂದು ಬೆನ್ನಿಗೆ ಎತ್ತಿಟ್ಟಿದ್ದಳು. ಒಂದೊಂದನ್ನೂ ಉದ್ದಕ್ಕೆ ಮೂರಾಗಿ ಸೀಳಿದವನು ನಾನು. ಇಪ್ಪತ್ತನಾಲ್ಕು ಪಟ್ಟಿ, ಇಪ್ಪತ್ತನಾಲ್ಕು ಪುಸ್ತಕದ ಬೆನ್ನು.

"ನಮ್ಮ ಕಾಲ್ ಮೇಲೆ ನಾವೇ ಕಲ್ಲು ಹಾಕ್ಕೊಂಡ್ವಲ್ಲಣ್ಣ" ಎಂದಳು. ದಾರದ ಉಂಡೆ ಕೈಗೆತ್ತಿಕೊಂಡು, "ಆ ವಾರ ಬಿಳಿ ದಾರ ಮುಗಿದಿತ್ತು. ನೀಲೀಲಿ ಹೊಲಿದಿದ್ದೆ. ದಾರ ನೋಡಿ ಹುಡುಕೋಣ."

ಬೆಂಕಿ ಬಿದ್ದ ಮನೆಗೆ ಬಾವಿ ತೋಡುವ ಕೆಲಸ ಶುರುವಾಯಿತು. ಊಟದ ಬಿಡುವಿನಲ್ಲಿ ಕುದಿಯುವ ನೀರಿನ ಹಬೆಗೆ ಬೆನ್ನು ಹಿಡಿದು, ಬಟ್ಟೆ ಬಿಡಿಸಿ, ಹರಿಯದ ಹಾಗೆ ಪಟ್ಟಿ ಎಬ್ಬಿಸಬೇಕು. ಅಲ್ಲಿಗೆ ಬೇರೆ ಕಾಗದ ಅಂಟಿಸಿ ಮೊದಲಿನಂತೆ ಮಾಡಬೇಕು. ವಾರಕ್ಕೆ ಎರಡು ಆದರೆ ಹೆಚ್ಚು. ಗ್ರಂಥಪಾಲಕರು ಕಂಡೂ ಕಾಣದವರಂತೆ ದಾಟಿಹೋಗುತ್ತಿದ್ದರು. ಕಪಾಟಿನಲ್ಲಿದ್ದವು ಮುಗಿದ ಮೇಲೆ, ಓದುಗರು ಒಯ್ದಿದ್ದ ಪುಸ್ತಕಗಳಿಗಾಗಿ ಅವಳು ಬೀದಿ ಬೀದಿ ಅಲೆದಳು.

"ನಾನಿನ್ನೂ ಅರ್ಧ ಓದಿಲ್ಲ, ಬೆನ್ನು ಬಿಚ್ತೀನಿ ಅಂತೀಯಲ್ಲಮ್ಮ. ಪುಸ್ತಕಕ್ಕೇನು ಆಪರೇಷನ್ನಾ?" ಎಂದನಂತೆ ಒಬ್ಬ ಮುದುಕ.

"ಹೌದು ಸ್ವಾಮಿ. ಹೊಟ್ಟೇಲಿ ನನ್ನ ಮಗಳ ಹಾಳೆ ಸಿಕ್ಕಿಹಾಕ್ಕೊಂಡಿದೆ."

ಇತ್ತ ಗುಬ್ಬಿ ಮೊದಲು ಪುಟವನ್ನು ಮೂಗಿಗೆ ತಾಗಿಸಿ ಓದುತ್ತಿದ್ದಳು. ಆಮೇಲೆ ದಪ್ಪಕ್ಷರದ ತಲೆಬರಹ ಮಾತ್ರ. ಹತ್ತೊಂಬತ್ತನೆಯ ಪಟ್ಟಿ ಸಿಕ್ಕ ದಿನ ಗೋಡೆ ಸವರಿಕೊಂಡು ಒಳಗೆ ಬಂದಳು. ಅವತ್ತಿನಿಂದ ಅಕ್ಕ ಸಂಜೆಯ ಮೇಲೂ ಹಬೆಯ ಮುಂದೆ ಕೂತಳು. ಬೆರಳು ಬೆಂದರೂ ಕೈ ಹಿಂದೆ ತೆಗೆಯಲಿಲ್ಲ. ಕೊನೆಯ ಪಟ್ಟಿ ಕೈಗೆ ಬಂದಾಗ ನಾಲ್ಕನೆಯ ತಿಂಗಳು ಮುಗಿಯುತ್ತಿತ್ತು. ಸಾಲಿಗೆ ಸಾಲು ಕೂಡಿಸಿ ನಾನು ಎಂಟು ಹಾಳೆ ಜೋಡಿಸಿದೆ. ಅಕ್ಕ ಅವನ್ನು ನೀಲಿ ದಾರದಲ್ಲೇ ಪುಸ್ತಕಕ್ಕೆ ಹೊಲಿದು ಮಗಳ ತೊಡೆಯ ಮೇಲಿಟ್ಟಳು.

"ತಗೋ, ನೋಡೇ."

ಗುಬ್ಬಿ ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡಳು. ಕಿಟಕಿಯ ಕಡೆ ತಿರುಗಿದಳು. "ಅಂಟಿನ ವಾಸನೆ ಬರ್ತಿದೆ ಅಮ್ಮಾ."

"ಅಕ್ಷರ?"

"ಇಲ್ಲ."

ಅಕ್ಕ ಆ ಹಾಳೆಯನ್ನೇ ದಿಟ್ಟಿಸಿದಳು. ಕಣ್ಣಿದ್ದ ಅವಳಿಗೂ ಅಲ್ಲಿ ಏನೂ ಕಾಣಲಿಲ್ಲ.

"ಕೊಡು ಕಂದಾ, ನಾನು ಓದ್ತೀನಿ" ಎಂದೆ.

"ಬೇಡ ಮಾವ" ಎಂದು ಗುಬ್ಬಿ ಪುಸ್ತಕ ಮುಚ್ಚಿದಳು. "ಅವ್ರು ಹೊರಗೆ ಬಂದ್ಬಿಟ್ಟಿದ್ರೆ ಒಳಗೆ ನಾನೊಬ್ಳೇ ಆಗ್ತೀನಿ."

ಈಗಲೂ ಅವಳು ಅದೇ ಮೂಲೆಯಲ್ಲಿ, ಮುಚ್ಚಿದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಕೊನೆಯ ಪುಟ ಜೋಡಿಸುವಾಗಲೇ ನಾನು ಓದಿಬಿಟ್ಟಿದ್ದೆ. ಏಣಿ ಸಿಗುವುದಿಲ್ಲ. ಅಮ್ಮ ಕರೆದ ದನಿಯನ್ನೇ ಹಿಡಿದುಕೊಂಡು ಆ ಮಕ್ಕಳು ಹತ್ತಿ ಬರುತ್ತಾರೆ. ಇದನ್ನು ನಾನು ತಾಯಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಅಕ್ಕ ಬಾಗಿಲಲ್ಲಿ ನಿಂತು ಕರೆಯುತ್ತಾಳೆ, "ಗುಬ್ಬೀ, ನಡಿಯೇ ಮನೆಗೆ." ಎರಡು ಸಲ, ಮೂರು ಸಲ. ಹುಡುಗಿ ಅಲುಗುವುದಿಲ್ಲ. ಆಮೇಲೆ ಅವಳೇ ಹೋಗಿ, ಮಣಿಕಟ್ಟು ಹಿಡಿದು ಎಬ್ಬಿಸುತ್ತಾಳೆ.